ವಿದ್ಯುತ್ ಮೋಟಾರನ್ನು ಗೇಣಿಗೆ ಹಿಡಿಯುವ ಮುನ್ನ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ತರುಣ ಸದಸ್ಯರೊಬ್ಬರು ಈಚೆಗೆ ವರ್ತಮಾನಪತ್ರಿಕೆಯ ಜಾಹೀರಾತೊಂದನ್ನು ನನ್ನ ಮುಂದೆ ಹರಡಿ, “ರಾಯರೇ, ಬ್ಯಾಟರಿಯನ್ನು ಕೊಳ್ಳಬೇಕಾಗಿಲ್ಲವಂತೆ, ಬಾಡಿಗೆ ಕೊಟ್ಟರೆ ಸಾಕಂತೆ. ಗಾಡಿಯ ಬೆಲೆ ಲಕ್ಷಗಟ್ಟಲೆ ಇಳಿಯುತ್ತದೆ. ಚೌತಿಗೆ ಹುಬ್ಬಳ್ಳಿಗೆ ಸ್ವಂತ ಗಾಡಿಯಲ್ಲೇ ಹೋಗೋಣವೆಂದಿದ್ದೇನೆ. ಏನೆನ್ನುತ್ತೀರಿ?” ಎಂದು ಕೇಳಿದರು. ಅವರು ಮುಂಬಯಿಯ ಖಾಸಗಿ ಕಂಪನಿಯೊಂದರಲ್ಲಿ ಗುಮಾಸ್ತರು. ದಿನವೂ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡುವವರು. ಮನೆಮಂದಿಯನ್ನು ಕೂರಿಸಿಕೊಂಡು ಊರಿಗೆ ಹೋಗಬೇಕೆಂಬ ಅವರ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಕಾಗದದ ಮೇಲೆ ಸಣ್ಣದಾಗಿ ಕಾಣುವ ಅಂಕಿ ತಿಂಗಳ ಸಂಬಳದಿಂದ ಕಳೆಯುವಾಗ ದೊಡ್ಡದಾಗುವುದುಂಟು. ಆದುದರಿಂದ ಈ ವ್ಯವಹಾರವನ್ನು ಸ್ವಲ್ಪ ಬಿಡಿಸಿ ನೋಡೋಣ.

ಗೇಣಿಯೆಂದರೇನು?

ಲೀಸ್ ಎಂಬ ಮಾತು ನಮಗೆ ಹೊಸದಲ್ಲ. ದಕ್ಷಿಣ ಕನ್ನಡದ ಹಿರಿಯರಿಗೆ ಚಾಲಗೇಣಿಯ ನೆನಪಿರಬಹುದು. ಒಕ್ಕಲು ಭೂಮಿಯನ್ನು ಉಳುತ್ತಿದ್ದ, ಬೆಳೆ ತೆಗೆಯುತ್ತಿದ್ದ, ಧಣಿಗೆ ಗೇಣಿ ಅಳೆಯುತ್ತಿದ್ದ. ಎಷ್ಟು ವರ್ಷ ಅಳೆದರೂ ಭೂಮಿ ಧಣಿಯದೇ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ಕಾನೂನು ಉಳುವವನಿಗೆ ಹೊಲವನ್ನು ಕೊಟ್ಟಿತು. ಮೋಟಾರಿನ ಗೇಣಿದಾರನಿಗೆ ಅಂಥ ಕಾನೂನು ಯಾವುದೂ ಇಲ್ಲ. ಅವಧಿ ಮುಗಿದ ದಿನ ಗಾಡಿಯ ಬೀಗದ ಕೈಯನ್ನು ಒಪ್ಪಿಸಿ ಬರಿಗೈಯಲ್ಲಿ ಮನೆಗೆ ಬರಬೇಕು. ಇದನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ಉಳಿದುದು ಸುಲಭವಾಗಿ ತಿಳಿಯುತ್ತದೆ.

ವಿದ್ಯುತ್ ಗಾಡಿಯನ್ನು ಹೀಗೆ ಹಿಡಿಯಲು ಈಗ ಮೂರು ದಾರಿಗಳಿವೆ. ಮೊದಲನೆಯದು ಇಡೀ ಗಾಡಿಯನ್ನು ಎರಡು, ಮೂರು ಅಥವಾ ಐದು ವರ್ಷಗಳ ಮಟ್ಟಿಗೆ ಬಾಡಿಗೆಗೆ ಪಡೆಯುವುದು. ಎರಡನೆಯದು ಗಾಡಿಯನ್ನು ಕೊಂಡು ಬ್ಯಾಟರಿಯನ್ನು ಮಾತ್ರ ಬಾಡಿಗೆಗೆ ಇಟ್ಟುಕೊಳ್ಳುವುದು. ಮೂರನೆಯದು ನೌಕರಿ ಕೊಟ್ಟ ಕಂಪನಿಯೇ ಗಾಡಿಯನ್ನು ಹಿಡಿದು, ಬಾಡಿಗೆಯನ್ನು ನಮ್ಮ ಸಂಬಳದಲ್ಲಿ ಮುರಿದುಕೊಳ್ಳುವುದು.

ಇಷ್ಟೆಲ್ಲ ಏರ್ಪಾಡು ಏಕೆಂದರೆ, ವಿದ್ಯುತ್ ಗಾಡಿಯಲ್ಲಿ ಅತಿ ಬೆಲೆಯ ಭಾಗವೇ ಬ್ಯಾಟರಿ. ಸರಕಾರ 2019ರ ಆಗಸ್ಟ್ 1ರಿಂದ ಈ ಗಾಡಿಗಳ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದರೂ, ಬ್ಯಾಟರಿಯ ಬೆಲೆಯಿಂದಾಗಿ ಇವು ಪೆಟ್ರೋಲ್ ಗಾಡಿಗಿಂತ ದುಬಾರಿಯಾಗಿಯೇ ಉಳಿದವು. ಬ್ಯಾಟರಿಯನ್ನು ಬೆಲೆಯಿಂದ ಬೇರ್ಪಡಿಸಿದರೆ ಗಿರಾಕಿಯ ಅಂಜಿಕೆ ಕಡಮೆಯಾದೀತೆಂದು ತಯಾರಕರು ಯೋಚಿಸಿದರು.

ಒಂದು ನಿಜವಾದ ಲೆಕ್ಕ

ಭಾರತದಲ್ಲಿ ಈ ಪದ್ಧತಿಯನ್ನು ಜನರ ಬಾಯಿಗೆ ತಂದದ್ದು ಎಂಜಿ ವಿಂಡ್ಸರ್ ಎಂಬ ಗಾಡಿ. ಇದು ಪೂರ್ತಿ ಎಸ್‌ಯುವಿ ಅಲ್ಲ. ಅದರ ಎತ್ತರವನ್ನೂ ಸಾಧಾರಣ ಕಾರಿನ ಅನುಕೂಲವನ್ನೂ ಕೂಡಿಸಿದ್ದು. 2024ರ ಸೆಪ್ಟೆಂಬರಿನಲ್ಲಿ ಇದು ಬಂದಾಗ ಬ್ಯಾಟರಿಯಿಲ್ಲದೆ ಅದರ ಆರಂಭದ ಬೆಲೆ 9.99 ಲಕ್ಷ ರೂಪಾಯಿ, ಬ್ಯಾಟರಿಗೆ ಕಿಲೋಮೀಟರಿಗೆ 3.50 ರೂಪಾಯಿ ಬಾಡಿಗೆ ಎಂದು ಸಾರಿದರು. ಬ್ಯಾಟರಿ ಸಮೇತ ಕೊಳ್ಳುವವರಿಗೆ ಬೆಲೆ 13.50 ಲಕ್ಷ ಎಂದಾಯಿತು. ಎರಡಕ್ಕೂ ವ್ಯತ್ಯಾಸ 3,51,000 ರೂಪಾಯಿ. ಬೆಲೆಗಳು ಆಗಾಗ ಬದಲಾಗುವುದರಿಂದ ಇಂದು ಕೊಳ್ಳುವವರು ಇಂದಿನ ಅಂಕಿಯನ್ನೇ ಕೇಳಿ ತಿಳಿಯತಕ್ಕದ್ದು. ಆದರೆ ಲೆಕ್ಕದ ರೀತಿ ಬದಲಾಗುವುದಿಲ್ಲ.

3,51,000ವನ್ನು ಮೂರೂವರೆಯಿಂದ ಭಾಗಿಸಿದರೆ ಸುಮಾರು ಒಂದು ಲಕ್ಷ ಬರುತ್ತದೆ. ಎಂದರೆ, ಒಂದು ಲಕ್ಷ ಕಿಲೋಮೀಟರ್ ಓಡಿಸುವಷ್ಟರಲ್ಲಿ ಬ್ಯಾಟರಿಯ ಬೆಲೆಯಷ್ಟು ಬಾಡಿಗೆಯನ್ನು ಕೊಟ್ಟಂತಾಯಿತು. ಕಡಮೆ ಓಡಿಸುವವನಿಗೆ ಇದು ಲಾಭವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಇಲ್ಲಿ ಒಂದು ಸಣ್ಣ ಅಕ್ಷರದ ಷರತ್ತು ಅಡಗಿರುವುದುಂಟು. ಬ್ಯಾಟರಿಯನ್ನು ಬಾಡಿಗೆಗೆ ಕೊಡುವುದು ಸಾಲಸಂಸ್ಥೆ. ಅಂಥ ಸಂಸ್ಥೆಗಳಲ್ಲಿ ಕೆಲವು ‘ತಿಂಗಳಿಗೆ ಕನಿಷ್ಠ ಇಷ್ಟು ಕಿಲೋಮೀಟರಿನ ಹಣವನ್ನು ಕೊಡಲೇಬೇಕು’ ಎಂದು ಬರೆಸಿಕೊಳ್ಳುತ್ತವೆ, ಕೆಲವು ಬರೆಸಿಕೊಳ್ಳುವುದಿಲ್ಲ. ಈ ಕನಿಷ್ಠವನ್ನು 1,500 ಕಿಲೋಮೀಟರ್ ಎಂದು ಹಿಡಿದು, ಇಬ್ಬರು ಗೃಹಸ್ಥರನ್ನು ಕಲ್ಪಿಸಿಕೊಳ್ಳೋಣ.

ಒಬ್ಬರು ಪುಣೆಯಲ್ಲಿದ್ದು ದಿನವೂ ಚಾಕಣದ ಕಾರಖಾನೆಗೆ ಹೋಗಿಬರುವ ಮೇಲ್ವಿಚಾರಕರು. ತಿಂಗಳಿಗೆ 1,800 ಕಿಲೋಮೀಟರ್ ಓಡಾಟ. ಬ್ಯಾಟರಿಯ ಬಾಡಿಗೆ 6,300 ರೂಪಾಯಿ. ಒಂದು ಯುನಿಟ್ ವಿದ್ಯುತ್ತಿಗೆ ಆರು ಕಿಲೋಮೀಟರ್, ಮನೆಯ ಯುನಿಟ್ಟಿಗೆ ಒಂಬತ್ತು ರೂಪಾಯಿ ಎಂದು ಹಿಡಿದರೆ ವಿದ್ಯುತ್ ಖರ್ಚು 2,700. ಒಟ್ಟು 9,000. ಇದೇ ಹತ್ತು ಲಕ್ಷದ ಪೆಟ್ರೋಲ್ ಗಾಡಿ ಲೀಟರಿಗೆ 15 ಕಿಲೋಮೀಟರ್ ಕೊಟ್ಟು, ಲೀಟರಿಗೆ ನೂರು ರೂಪಾಯಿಯಾದರೆ ಖರ್ಚು 12,000. ಇವರಿಗೆ ತಿಂಗಳಿಗೆ 3,000 ರೂಪಾಯಿ ಉಳಿಯಿತು.

ಇನ್ನೊಬ್ಬರು ನಮ್ಮ ಮಿತ್ರರಂತೆ ಲೋಕಲ್ ರೈಲಿನ ಪಾಸು ಇಟ್ಟುಕೊಂಡವರು. ಗಾಡಿ ಹೊರಬೀಳುವುದು ಭಾನುವಾರ ಮತ್ತು ಹಬ್ಬದ ದಿನ. ತಿಂಗಳಿಗೆ 600 ಕಿಲೋಮೀಟರ್. ವಿದ್ಯುತ್ ಖರ್ಚು 900. ಆದರೆ ಬ್ಯಾಟರಿಗೆ 1,500 ಕಿಲೋಮೀಟರಿನ ಬಾಡಿಗೆ, ಅಂದರೆ 5,250 ರೂಪಾಯಿ ಕೊಡಬೇಕು. ಒಟ್ಟು 6,150. ಪೆಟ್ರೋಲ್ ಗಾಡಿಗಾದರೆ 4,000 ಸಾಕಿತ್ತು. ಇವರು ಮನೆಮುಂದೆ ನಿಂತ ಗಾಡಿಗೆ ತಿಂಗಳಿಗೆ 2,150 ರೂಪಾಯಿ ದಂಡ ತೆತ್ತಂತಾಯಿತು. ಅದೇ ಕನಿಷ್ಠದ ಷರತ್ತಿಲ್ಲದ ಸಂಸ್ಥೆಯಾದರೆ ಬಾಡಿಗೆ 2,100, ವಿದ್ಯುತ್ತು 900, ಒಟ್ಟು 3,000. ಆಗ ಇವರಿಗೂ ಲಾಭವೇ. ಗಾಡಿ ಒಂದೇ, ಬ್ಯಾಟರಿ ಒಂದೇ. ಕರಾರುಪತ್ರದ ಒಂದು ಸಾಲು ಲಾಭವನ್ನು ನಷ್ಟವಾಗಿ ತಿರುಗಿಸಿತು.

ಕೊಳ್ಳುವುದು ಮೇಲೋ, ಬಾಡಿಗೆ ಮೇಲೋ?

ಆ 3,51,000 ರೂಪಾಯಿಯನ್ನು ಬ್ಯಾಂಕಿನಿಂದ ಶೇಕಡಾ 9ರ ಬಡ್ಡಿಗೆ ಐದು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 7,290 ರೂಪಾಯಿ. ಐದು ವರ್ಷದಲ್ಲಿ ತೆರುವುದು ಸುಮಾರು 4,37,000. ತಿಂಗಳಿಗೆ 5,250ರಂತೆ ಬಾಡಿಗೆ ಕೊಟ್ಟರೆ ಐದು ವರ್ಷಕ್ಕೆ 3,15,000. ಅಲ್ಲಿಯವರೆಗೆ ಬಾಡಿಗೆಯೇ ಅಗ್ಗ. ಆದರೆ ಕಂತು ಮುಗಿಯುತ್ತದೆ, ಬಾಡಿಗೆ ಮುಗಿಯುವುದಿಲ್ಲ. ಸುಮಾರು ಏಳು ವರ್ಷಕ್ಕೆ ಎರಡೂ ಸಮವಾಗುತ್ತವೆ. ಆಮೇಲೆ ಕೊಂಡವನ ಬ್ಯಾಟರಿ ಅವನದು. ಬಾಡಿಗೆದಾರ ಇನ್ನೂ ಕೊಡುತ್ತಲೇ ಇರಬೇಕು. ಮುಂಚೆಯೇ ಗಾಡಿ ಮಾರೋಣವೆಂದರೆ, ಕೊಳ್ಳುವವನು ಆ ಬಾಡಿಗೆಯನ್ನು ತನ್ನ ತಲೆಗೆ ಕಟ್ಟಿಕೊಳ್ಳಲು ಒಪ್ಪಬೇಕು, ಸಾಲಸಂಸ್ಥೆಯೂ ಒಪ್ಪಬೇಕು. ಹತ್ತು ವರ್ಷ ಒಂದೇ ಗಾಡಿಯನ್ನು ಇಟ್ಟುಕೊಳ್ಳುವ ಅಭ್ಯಾಸವುಳ್ಳವರು ಇದನ್ನು ಮರೆಯಬಾರದು.

ಹಾಗೆಂದು ಬಾಡಿಗೆಯೆಲ್ಲ ಮೋಸವೆಂದು ತಿಳಿಯುವುದೂ ಸರಿಯಲ್ಲ. ಈ ಗಾಡಿಗಳ ವಿದ್ಯೆ ಇನ್ನೂ ಬೆಳೆಯುತ್ತಿದೆ, ಬೆಲೆಯೂ ಏರಿಳಿಯುತ್ತಿದೆ. ಟಾಟಾ ಪಂಚ್ ವಿದ್ಯುತ್ ಎಸ್‌ಯುವಿ 2024ರ ಜನವರಿಯಲ್ಲಿ 10.99 ಲಕ್ಷದ ಆರಂಭ ಬೆಲೆಗೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಬ್ಬದ ಕಾಲಕ್ಕೆ 9.99 ಲಕ್ಷಕ್ಕೆ ಇಳಿಯಿತು. ಜನವರಿಯಲ್ಲಿ ಕೊಂಡವರಿಗೆ ಎಂಟೇ ತಿಂಗಳಲ್ಲಿ ಲಕ್ಷ ರೂಪಾಯಿಯ ಇಳಿತ. ಇಡೀ ಗಾಡಿಯನ್ನು ಗೇಣಿಗೆ ಹಿಡಿದವನಿಗೆ ಈ ಚಿಂತೆ ಇಲ್ಲ. ಮರುಮಾರಾಟದ ನಷ್ಟ ಧಣಿಯ ಪಾಲಿಗೆ ಹೋಗುತ್ತದೆ. ಮೂರು ವರ್ಷದ ಕೆಲಸಕ್ಕೆಂದು ಪರಸ್ಥಳಕ್ಕೆ ಬಂದವರಿಗೆ, ವಿಮೆ ರಿಪೇರಿಗಳ ಗೊಡವೆ ಬೇಡವೆನ್ನುವವರಿಗೆ ಇದು ಅನುಕೂಲವೇ. ಆದರೆ ಅಲ್ಲಿಯೂ ವರ್ಷಕ್ಕೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಇರುತ್ತದೆ. ಬ್ಯಾಟರಿಯ ಬಾಡಿಗೆಯಲ್ಲಿ ಕಡಮೆ ಓಡಿಸಿದವನಿಗೆ ನಷ್ಟ; ಇಡೀ ಗಾಡಿಯ ಗೇಣಿಯಲ್ಲಿ ಹೆಚ್ಚು ಓಡಿಸಿದವನಿಗೆ ದಂಡ. ಈ ಭೇದವನ್ನು ಗುರುತಿಸಿಕೊಳ್ಳಬೇಕು.

ಕಂಪನಿಯ ಮೂಲಕ ಹಿಡಿಯುವವರಿಗೆ ಎರಡೇ ಮಾತು. ನೌಕರಿ ಬಿಟ್ಟರೆ ಗಾಡಿಯ ಗತಿಯೇನು, ಉಳಿದ ಬಾಡಿಗೆಯನ್ನು ಯಾರು ತೆರಬೇಕು ಎಂಬುದನ್ನು ಬರೆಹದಲ್ಲಿ ಪಡೆಯಿರಿ. ಆದಾಯ ತೆರಿಗೆಯಲ್ಲಿ ಉಳಿತಾಯವೆಷ್ಟು ಎಂಬುದನ್ನು ಮಾರುವವನಲ್ಲಿ ಕೇಳದೆ ನಿಮ್ಮ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೇಳಿರಿ. ವಿದ್ಯುತ್ ಗಾಡಿಯ ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಕೊಡುತ್ತಿದ್ದ ತೆರಿಗೆ ವಿನಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಅದರ ಆಸೆಯನ್ನು ಈಗ ಯಾರಾದರೂ ತೋರಿಸಿದರೆ ನಂಬಬೇಡಿರಿ.

ಕಾನೂನಿನ ಕಣ್ಣಿಗೆ ಒಡೆಯನಾರು?

ಮಾರುವ ಹಕ್ಕಿಲ್ಲದ ಗೇಣಿದಾರ ಅಪಘಾತವಾದಾಗ ಒಡೆಯನಾಗಿಬಿಡುವುದು ವಿಚಿತ್ರವಾದರೂ ನಿಜ. 1988ರ ಮೋಟಾರು ವಾಹನ ಕಾನೂನು, ಲೀಸಿನ ಕರಾರಿನ ಮೇರೆಗೆ ಗಾಡಿಯನ್ನು ಸ್ವಾಧೀನದಲ್ಲಿ ಇಟ್ಟುಕೊಂಡವನನ್ನೇ ‘ಒಡೆಯ’ ಎಂದು ಕರೆಯುತ್ತದೆ. ಆದುದರಿಂದ ವಿಮೆ ಯಾರ ಹೆಸರಿನಲ್ಲಿದೆ, ಎಂದಿಗೆ ಮುಗಿಯುತ್ತದೆ, ಬ್ಯಾಟರಿಯೂ ಅದರಲ್ಲಿ ಸೇರಿದೆಯೇ, ಮಳೆಗಾಲದ ನೀರು ನುಗ್ಗಿದರೆ ಪರಿಹಾರವುಂಟೇ ಎಂಬುದನ್ನು ನೀವೇ ಓದಿ ನೋಡಬೇಕು.

ನಮ್ಮಂಥ ಹೊರನಾಡಿಗರಿಗೆ ಇನ್ನೊಂದು ತೊಡಕಿದೆ. ಒಂದು ರಾಜ್ಯದಲ್ಲಿ ನೋಂದಾಯಿಸಿದ ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗೆ ಮೀರಿ ಇಟ್ಟುಕೊಂಡರೆ ಅಲ್ಲಿ ಹೊಸ ನಂಬರು ಪಡೆಯಬೇಕೆಂದು ಅದೇ ಕಾನೂನು ಹೇಳುತ್ತದೆ. ಮುಂಬಯಿಯಿಂದ ಹೈದರಾಬಾದಿಗೆ ವರ್ಗವಾದರೆ ಗಾಡಿಯನ್ನು ಒಯ್ಯಲು ಸಾಲಸಂಸ್ಥೆಯ ಒಪ್ಪಿಗೆಯ ಪತ್ರ ಬೇಕು. ಅದನ್ನು ಕೊಡುತ್ತಾರೆಯೇ, ಕೊಡದಿದ್ದರೆ ಅವಧಿಗೆ ಮುಂಚೆ ಮುರಿದುಕೊಳ್ಳುವ ದಂಡವೆಷ್ಟು ಎಂಬುದನ್ನು ಸಹಿ ಹಾಕುವ ಮುನ್ನವೇ ಕೇಳಿರಿ.

ಪ್ಲಗ್ಗು ಮತ್ತು ಊರಿನ ದಾರಿ

ನಿಮಗೆ ಸ್ವಂತ ನಿಲುಗಡೆಯ ಜಾಗ ಮತ್ತು ಅಲ್ಲಿ ಹದಿನೈದು ಆಂಪಿಯರಿನ ಪ್ಲಗ್ಗು ಇದೆಯೇ? ಚಾಳಿನಲ್ಲಿ ವಾಸ, ರಸ್ತೆಯ ಬದಿಯಲ್ಲಿ ಗಾಡಿ ಎಂದಾದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹೊರಗಿನ ಚಾರ್ಜಿಂಗ್ ಕೇಂದ್ರದಲ್ಲಿ ಯುನಿಟ್ಟಿಗೆ ಇಪ್ಪತ್ತು ರೂಪಾಯಿ ಕೊಟ್ಟರೆ ವಿದ್ಯುತ್ ಖರ್ಚೇ ಕಿಲೋಮೀಟರಿಗೆ ಮೂರು ರೂಪಾಯಿ ದಾಟುತ್ತದೆ. ಅದರ ಮೇಲೆ ಬ್ಯಾಟರಿಯ ಬಾಡಿಗೆ ಮೂರೂವರೆ ಸೇರಿದರೆ ಪೆಟ್ರೋಲಿಗಿಂತ ಉಳಿಯುವುದು ಏನೂ ಇಲ್ಲ. ಸೊಸೈಟಿಯಲ್ಲಿರುವವರು ಪ್ಲಗ್ಗಿಗೆ ಸಮಿತಿಯ ಒಪ್ಪಿಗೆಯನ್ನು ಮೊದಲು ಪಡೆದು, ಆಮೇಲೆ ಷೋರೂಮಿನ ಮೆಟ್ಟಿಲು ಹತ್ತುವುದು ಒಳ್ಳೆಯದು.

ಇನ್ನು ಹುಬ್ಬಳ್ಳಿಯ ಪ್ರಯಾಣ. ಮುಂಬಯಿಯಿಂದ ದಾರಿ ಐನೂರೈವತ್ತು ಕಿಲೋಮೀಟರಿಗೆ ಮೇಲೆ. 38 ಯುನಿಟ್ ಹಿಡಿಯುವ ಬ್ಯಾಟರಿಗೆ ತಯಾರಕರು ಸುಮಾರು 330 ಕಿಲೋಮೀಟರ್ ಎಂದು ಹೇಳುತ್ತಾರೆ. ಅದು ಪರೀಕ್ಷಾಶಾಲೆಯ ಅಂಕಿ. ಮನೆಮಂದಿ, ಗಂಟುಮೂಟೆ, ಹವಾನಿಯಂತ್ರಣ, ಘಾಟಿನ ಏರು ಎಲ್ಲ ಸೇರಿದರೆ 230ರಿಂದ 250 ಎಂದು ಹಿಡಿಯುವುದು ಕ್ಷೇಮ. ಹೀಗಾಗಿ ದಾರಿಯಲ್ಲಿ ಎರಡು ಮೂರು ಕಡೆ ಸುಮಾರು ಒಂದೊಂದು ಗಂಟೆ ನಿಲ್ಲಬೇಕು. ಸಾತಾರೆಯಲ್ಲೋ ಕೊಲ್ಲಾಪುರದ ಬಳಿಯೋ ಊಟದ ಹೊತ್ತಿಗೆ ನಿಂತರೆ ತೊಂದರೆಯೇನಿಲ್ಲ. ಆದರೆ ಚೌತಿಯ ಹಿಂದಿನ ದಿನ ಇಡೀ ಮುಂಬಯಿಯೇ ಊರಿನ ದಾರಿ ಹಿಡಿದಿರುತ್ತದೆ. ಅಲ್ಲಿ ಸರದಿಯೂ ಇರಬಹುದು.

ಕೇಳಬೇಕಾದ ಏಳು ಪ್ರಶ್ನೆಗಳು

1. ತಿಂಗಳಿಗೆ ಕನಿಷ್ಠ ಕಿಲೋಮೀಟರಿನ ಷರತ್ತು ಉಂಟೇ? ಎಷ್ಟು?
2. ವರ್ಷಕ್ಕೆ ಗರಿಷ್ಠ ಮಿತಿ ಎಷ್ಟು? ಮೀರಿದರೆ ಕಿಲೋಮೀಟರಿಗೆ ದಂಡವೆಷ್ಟು?
3. ಬಾಡಿಗೆಯ ದರ ನಡುವೆ ಏರುತ್ತದೆಯೇ? ಅವಧಿ ಮುಗಿದ ಮೇಲೆ ಬ್ಯಾಟರಿಯನ್ನು ಕೊಳ್ಳಬಹುದೇ?
4. ಠೇವಣಿ ಎಷ್ಟು, ಯಾವಾಗ ಹಿಂದಕ್ಕೆ ಬರುತ್ತದೆ, ಗೀರು ತಗ್ಗುಗಳಿಗೆ ಎಷ್ಟು ಮುರಿಯುತ್ತಾರೆ?
5. ಅವಧಿಗೆ ಮುಂಚೆ ಬಿಟ್ಟರೆ ಏನು? ಎರಡು ಕಂತು ತಪ್ಪಿದರೆ ಏನು?
6. ಬೇರೆ ರಾಜ್ಯಕ್ಕೆ ಒಯ್ಯಲು ಒಪ್ಪಿಗೆ ಕೊಡುತ್ತಾರೆಯೇ?
7. ಬ್ಯಾಟರಿಯ ಶಕ್ತಿ ಕುಂದಿದರೆ ಬದಲಿಸುವವರು ಯಾರು?

ಇವುಗಳಿಗೆ ಬಾಯಿಮಾತಿನ ಉತ್ತರ ಸಾಲದು. ಕರಾರುಪತ್ರದಲ್ಲಿ ಅದು ಯಾವ ಪುಟದಲ್ಲಿದೆ ಎಂದು ತೋರಿಸಿಕೊಳ್ಳಿರಿ. ಪತ್ರವೆಲ್ಲ ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ ಸಂಕೋಚ ಬೇಡ. ಅದನ್ನು ವಾಚನಾಲಯಕ್ಕೆ ತನ್ನಿರಿ, ಬಲ್ಲವರೊಡನೆ ಕೂತು ಓದೋಣ.

ನಮ್ಮ ತರುಣ ಮಿತ್ರರು ಈ ಲೆಕ್ಕವನ್ನೆಲ್ಲ ಜಾಹೀರಾತಿನ ಅಂಚಿನಲ್ಲೇ ಬರೆದುಕೊಂಡು ಹೋದರು. ಒಂದು ವಾರದ ತರುವಾಯ ಬಂದು, “ಒಂದು ತಿಂಗಳ ಓಡಾಟವನ್ನೆಲ್ಲ ಡೈರಿಯಲ್ಲಿ ಬರೆಯುತ್ತಿದ್ದೇನೆ. ಎಷ್ಟು ಕಿಲೋಮೀಟರ್ ಬೇಕೆಂದು ತಿಳಿದ ಮೇಲೆ ನಿರ್ಧಾರ. ಈ ಚೌತಿಗೆ ರೈಲಿನ ಟಿಕೇಟು ತೆಗೆಸಿದ್ದೇನೆ” ಎಂದರು. ಗಾಡಿಯನ್ನು ಕೊಳ್ಳಲಿ, ಗೇಣಿಗೆ ಹಿಡಿಯಲಿ, ಬಿಡಲಿ, ಅವರು ಹಿಡಿದ ಕ್ರಮ ಸರಿಯಾದುದು. ತನ್ನ ಓಡಾಟವನ್ನು ಅಳೆದ ಮೇಲೆಯೇ ಇನ್ನೊಬ್ಬರಿಗೆ ಗೇಣಿ ಅಳೆಯಲು ಒಪ್ಪಬೇಕು.