ಇಬ್ಬರು ಗೆಳೆಯರು, ಹಗುರ ಜೇಬು, ಅಮೆಜಾನ್ ಕಾಡು

ಹೆಗಲಿಗೊಂದು ಚೀಲ, ಜೊತೆಗೊಬ್ಬ ಗೆಳೆಯ, ಜೇಬಿನಲ್ಲಿ ಇದ್ದಷ್ಟು ಕಾಸು. ಇಷ್ಟರಲ್ಲೇ ದೂರದೇಶ ಸುತ್ತಿ ಬರಬೇಕೆಂಬ ಆಸೆ ಇಂದಿನ ತರುಣರಿಗೆ ಮಾತ್ರ ಬಂದದ್ದಲ್ಲ. 1848ರ ಏಪ್ರಿಲ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಿಂದ ಇಬ್ಬರು ಯುವಕರು ಸಣ್ಣದೊಂದು ಸರಕು ಹಡಗು ಹತ್ತಿದರು. ಆಲ್‌ಫ್ರೆಡ್ ರಸೆಲ್ ವಾಲೇಸನಿಗೆ ಆಗ 25 ವರ್ಷ, ಹೆನ್ರಿ ವಾಲ್ಟರ್ ಬೇಟ್ಸನಿಗೆ 23. ಅವರು ಹೊರಟದ್ದು ಬ್ರೆಜಿಲ್ ದೇಶದ ಅಮೆಜಾನ್ ಕಾಡಿಗೆ.

ಇಬ್ಬರೂ ಉಳ್ಳವರ ಮನೆಯ ಮಕ್ಕಳಲ್ಲ. ಮನೆಯ ಬಡತನದಿಂದಾಗಿ ವಾಲೇಸ್ 14ನೇ ವಯಸ್ಸಿಗೇ ಶಾಲೆ ಬಿಟ್ಟಿದ್ದ. ಬೇಟ್ಸ್ ಕಾಲುಚೀಲ ತಯಾರಿಸುವವರ ಉಗ್ರಾಣದಲ್ಲಿ ಕೆಲಸ ಕಲಿಯಲು ಸೇರಿದಾಗ ಇನ್ನೂ ಹುಡುಗ. ಬೆಳಿಗ್ಗೆ ಏಳಕ್ಕೆ ಹೋದರೆ ರಾತ್ರಿ ಎಂಟರವರೆಗೆ ದುಡಿತ, ಆಮೇಲೆ ರಾತ್ರಿ ತರಗತಿಯಲ್ಲಿ ಓದು. ವಾಲೇಸ್ ಲೆಸ್ಟರ್ ಊರಿನಲ್ಲಿ ಮೇಷ್ಟರಾಗಿದ್ದಾಗ ಇಬ್ಬರಿಗೂ ಪರಿಚಯವಾಯಿತು. ಒಂದೇ ಊರಿನ ಸುತ್ತ ಹತ್ತು ಮೈಲಿಯೊಳಗೆ ಸಾವಿರ ಬಗೆಯ ದುಂಬಿಗಳು ಸಿಗಬಹುದೆಂದು ಬೇಟ್ಸ್ ಹೇಳಿದಾಗ ಮೇಷ್ಟರು ಬೆರಗಾಗಿಹೋದರು! ಗೆಳೆತನ ಬೆಳೆದದ್ದು ಈ ದುಂಬಿಗಳ ಹಿಂದೆ ಅಲೆಯುತ್ತಾ.

ಅಮೆಜಾನ್ ಪ್ರವಾಸದ ಪುಸ್ತಕವೊಂದನ್ನು ಓದಿದ ಮೇಲೆ ತಾವೂ ಹೋಗಬೇಕೆನಿಸಿತು. ಹಣ? ರೈಲು ಮಾರ್ಗಗಳ ಸರ್ವೆ ಕೆಲಸದಲ್ಲಿ ವಾಲೇಸ್ ನೂರು ಪೌಂಡಿನಷ್ಟು ಉಳಿಸಿದ್ದ. ಅದು ಬಹುಕಾಲ ಬಾಳುವ ಗಂಟೇನಲ್ಲ. ಹಿಡಿದ ಚಿಟ್ಟೆ, ದುಂಬಿ, ಹಕ್ಕಿಗಳನ್ನು ಕೆಡದಂತೆ ಸಿದ್ಧಪಡಿಸಿ ಲಂಡನ್ನಿಗೆ ಕಳಿಸುವುದು, ಸ್ಯಾಮ್ಯುಯೆಲ್ ಸ್ಟೀವನ್ಸ್ ಎಂಬ ಏಜೆಂಟು ಅವನ್ನು ಸಂಗ್ರಹಾಲಯಗಳಿಗೂ ಹವ್ಯಾಸಿ ಶ್ರೀಮಂತರಿಗೂ ಮಾರಿ, ತನ್ನ ಕಮಿಷನ್ ಮುರಿದುಕೊಂಡು ಹಣ ಕಳಿಸುವುದು ಎಂದು ಏರ್ಪಾಡಾಯಿತು. ಅಂದರೆ ಚಿಟ್ಟೆ ಸಿಕ್ಕರೆ ಊಟ!

ಮೊದಲ ದಿನಗಳು ಹಬ್ಬದಂತಿದ್ದವು. ಮೇ ಕೊನೆಯಲ್ಲಿ ಪಾರಾ ಪಟ್ಟಣಕ್ಕೆ, ಎಂದರೆ ಇಂದಿನ ಬೆಲೆಂ ನಗರಕ್ಕೆ ತಲುಪಿ, ಊರ ಹೊರಗೊಂದು ಮನೆ ಹಿಡಿದರು. ನಸುಕಿನಲ್ಲೇ ಎದ್ದು ಕಾಫಿ ಕುಡಿದು ಹತ್ತು ಗಂಟೆಯವರೆಗೆ ಹಕ್ಕಿಗಳ ಬೆನ್ನಟ್ಟುವುದು, ಆಮೇಲೆ ಮಧ್ಯಾಹ್ನ ಎರಡು ಮೂರರವರೆಗೆ ಕೀಟಗಳು, ಬಳಿಕ ಅವನ್ನು ಒಪ್ಪ ಮಾಡುವ ಕೆಲಸ. ಇಡೀ ಬ್ರಿಟನ್ ದ್ವೀಪಗಳಲ್ಲಿ 66 ಬಗೆಯ ಚಿಟ್ಟೆಗಳಿದ್ದರೆ, ಪಾರಾದಿಂದ ಒಂದು ಗಂಟೆ ನಡೆಯುವಷ್ಟು ದೂರದೊಳಗೇ ಸುಮಾರು 700 ಬಗೆಗಳಿವೆಯೆಂದು ಬೇಟ್ಸ್ ಬರೆದಿದ್ದಾನೆ. ಇಂಥ ಜಾಗದಲ್ಲಿ ಕಿಸೆ ಖಾಲಿಯೆಂಬುದು ಯಾರ ನೆನಪಿಗೆ ಬಂದೀತು?

ಆದರೆ ಹೊರಟು ಒಂದು ವರ್ಷ ತುಂಬುವ ಮೊದಲೇ ಗೆಳೆಯರು ಬೇರೆಬೇರೆಯಾಗಿ ಅಲೆಯತೊಡಗಿದ್ದರು. ಬೇರೆ ಬೇರೆ ಪ್ರದೇಶಗಳಲ್ಲಿ ಸಂಗ್ರಹಿಸುವುದು ಅನುಕೂಲವೆನಿಸಿತು ಎಂಬಷ್ಟೇ ವಿವರಣೆಯನ್ನು ಬೇಟ್ಸ್ ಕೊಟ್ಟ. ಜಗಳವಾಯಿತೇ? ಇಬ್ಬರ ಪುಸ್ತಕಗಳಲ್ಲೂ ಆ ಮಾತಿಲ್ಲ. ಹಗಲಿರುಳೂ ಒಂದೇ ಸೂರು, ಒಂದೇ ಮಡಕೆ, ಒಂದೇ ಕಸುಬು; ಸಾಲದೆಂಬಂತೆ ಇಬ್ಬರೂ ಒಂದೇ ಚಿಟ್ಟೆಯ ಹಿಂದೆ ಓಡುವವರು. ಅಂಥ ಕಡೆ ಮನಸ್ತಾಪ ಬಂದಿದ್ದರೆ ಅದೇನು ದೊಡ್ಡ ಅಪರಾಧವಲ್ಲ. 1850ರ ಆರಂಭದಲ್ಲಿ ಇಂದಿನ ಮನಾವುಸ್ ಇರುವಲ್ಲಿ ಮತ್ತೆ ಭೇಟಿಯಾಗಿ, ನದಿಗಳನ್ನು ಹಂಚಿಕೊಂಡರು. ವಾಲೇಸ್ ರಿಯೊ ನೀಗ್ರೊ ನದಿಯ ಮೇಲೆ ಸಾಗಿದರೆ, ಬೇಟ್ಸ್ ಅಮೆಜಾನಿನ ಮೇಲ್ಭಾಗಕ್ಕೆ ದೋಣಿ ಹಿಡಿದ.

ಐದು ವಾರದ ದೋಣಿ ಪಯಣದ ನಂತರ ಬೇಟ್ಸ್ ತಲುಪಿದ್ದು ಏಗಾ ಎಂಬ ಸಣ್ಣ ಊರನ್ನು. ಅಲ್ಲಿ ಹನ್ನೆರಡು ತಿಂಗಳು ಊರಿಂದ ಒಂದು ಕಾಗದವಿಲ್ಲ, ಒಂದು ಕಾಸು ಹಣವಿಲ್ಲ. ಬಟ್ಟೆ ಚಿಂದಿಯಾಯಿತು, ಕಾಡಿನಲ್ಲಿ ಬರಿಗಾಲಲ್ಲೇ ನಡೆಯಬೇಕಾಯಿತು. ಆಳು ಓಡಿಹೋದ, ಇದ್ದಬದ್ದ ತಾಮ್ರದ ಕಾಸೂ ಕಳವಾಯಿತು. ಅದಕ್ಕಿಂತ ಕಾಡಿದ್ದು ಓದಲು ಏನೂ ಇಲ್ಲದ ಬೇಸರ. ಮುಂದೆ ಪತ್ರಿಕೆಯ ಕಟ್ಟು ಬಂದಾಗಲೆಲ್ಲ ಒಂದೊಂದು ಸಂಚಿಕೆಯನ್ನೂ ಮೂರು ಬಾರಿ ಓದುತ್ತಿದ್ದನಂತೆ, ಮೂರನೆಯ ಸಲ ಜಾಹೀರಾತುಗಳನ್ನು ಸಹಿತ!

ಇತ್ತ ವಾಲೇಸನ ತಮ್ಮ ಹರ್ಬರ್ಟ್ 1849ರಲ್ಲಿ ಅಣ್ಣನನ್ನು ಸೇರಿಕೊಂಡಿದ್ದ. ಈ ಕೆಲಸ ತನಗೆ ಒಗ್ಗುವುದಿಲ್ಲವೆಂದು ತಿಳಿದು, 1851ರಲ್ಲಿ ಊರಿಗೆ ಮರಳಲು ಪಾರಾಕ್ಕೆ ಬಂದವನಿಗೆ ಹಳದಿ ಜ್ವರ ಅಂಟಿತು. ಅದೇ ಹೊತ್ತಿಗೆ ಕೈ ಖಾಲಿಯಾಗಿ ಪಾರಾಕ್ಕೆ ಇಳಿದಿದ್ದ ಬೇಟ್ಸ್ ಗೆಳೆಯನ ತಮ್ಮನ ಆರೈಕೆಗೆ ನಿಂತ. ಜ್ವರ ಅವನಿಗೂ ಬಂತು. ಬೇಟ್ಸ್ ಉಳಿದುಕೊಂಡ, ಹರ್ಬರ್ಟ್ ಜೂನ್ 8ರಂದು ತೀರಿಕೊಂಡ, ವಯಸ್ಸು 22. ಒಳನಾಡಿನಲ್ಲಿದ್ದ ಅಣ್ಣನಿಗೆ ತಿಂಗಳುಗಳ ಮೇಲೆ ತಲುಪಿದ್ದು ತಮ್ಮನಿಗೆ ಜ್ವರ ವಿಪರೀತವೆಂಬ ಪತ್ರ. ಬದುಕಿದ್ದಾನೋ ಇಲ್ಲವೋ ತಿಳಿಯದೆ ವಾಲೇಸ್ ಮತ್ತೆ ದೋಣಿ ಹತ್ತಬೇಕಾಯಿತು. ಗಂಡನನ್ನೂ ಹಿರಿಮಗನನ್ನೂ ಆಗಲೇ ಕಳೆದುಕೊಂಡಿದ್ದ ತಾಯಿ ಇಂಗ್ಲೆಂಡಿನಲ್ಲಿದ್ದಳು.

1852ರ ಜುಲೈನಲ್ಲಿ ವಾಲೇಸ್ ತನ್ನ ಸಂಗ್ರಹದೊಡನೆ 'ಹೆಲೆನ್' ಹಡಗು ಹತ್ತಿದ. ಅದರಲ್ಲಿ ಒಂದು ಬಗೆಯ ಮರದೆಣ್ಣೆಯ ಪೀಪಾಯಿಗಳನ್ನು ಭತ್ತದ ಹೊಟ್ಟಿನಲ್ಲಿ ಹುದುಗಿಸಿಟ್ಟಿದ್ದರು. ಸೋರಿದ ಎಣ್ಣೆ ಹೊಟ್ಟಿಗೆ ಹಿಡಿದು, ಗಾಳಿಯ ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಕಾವೇರುತ್ತದೆ. ಆ ಕಾವು ಹೊರಹೋಗಲು ದಾರಿಯಿಲ್ಲದಿದ್ದರೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳಬಲ್ಲದು. ಆಗಸ್ಟ್ 6ರಂದು ನಡುಗಡಲಿನಲ್ಲಿ ಹಡಗಿಗೆ ಬೆಂಕಿ ಬಿತ್ತು. ಕೈಗೆ ಸಿಕ್ಕ ತಗಡಿನ ಪೆಟ್ಟಿಗೆಯೊಂದರಲ್ಲಿ ಮೀನು ಮತ್ತು ತಾಳೆಮರಗಳ ಚಿತ್ರಗಳು, ಒಂದಿಷ್ಟು ಟಿಪ್ಪಣಿಗಳು ಉಳಿದವು. ಮಿಕ್ಕದ್ದೆಲ್ಲ ಬೂದಿ. ಹತ್ತು ದಿನ ಸೋರುವ ದೋಣಿಗಳಲ್ಲಿ ತೇಲಿದ ಮೇಲೆ ಇನ್ನೊಂದು ಹಡಗು ಕಾಪಾಡಿತು. ಏಜೆಂಟ್ ಸ್ಟೀವನ್ಸ್ ತಾನಾಗಿಯೇ ವಿಮೆ ಮಾಡಿಸಿಟ್ಟಿದ್ದರಿಂದ ಊರಿಗೆ ಬಂದವನಿಗೆ ಅನ್ನಕ್ಕೆ ತೊಂದರೆಯಾಗಲಿಲ್ಲ.

ಬೇಟ್ಸ್ ಒಟ್ಟು 11 ವರ್ಷ ಅಲ್ಲೇ ಇದ್ದು, 1859ರಲ್ಲಿ ಹೊರಟ. ಇಡೀ ಸಂಗ್ರಹ ಒಮ್ಮೆಲೇ ನಷ್ಟವಾಗದಂತೆ ಅದನ್ನು ಮೂರು ಪಾಲು ಮಾಡಿ ಮೂರು ಹಡಗುಗಳಲ್ಲಿ ಕಳಿಸಿ, ತಾನು ಬೇರೊಂದರಲ್ಲಿ ಹೊರಟನೆಂಬುದು ಗಮನಿಸಬೇಕಾದ ಸಂಗತಿ. ಅವನು ಸಂಗ್ರಹಿಸಿದ್ದು 14,712 ಪ್ರಭೇದಗಳು. ಸುಮಾರು 8,000 ವಿಜ್ಞಾನಕ್ಕೇ ಹೊಸವು. ಹನ್ನೊಂದು ವರ್ಷದ ಲಾಭ ಮಾತ್ರ ಸುಮಾರು 800 ಪೌಂಡು!

ಹಕ್ಕಿಗಳಿಗೆ ರುಚಿಸದ ಚಿಟ್ಟೆಗಳ ಬಣ್ಣವನ್ನೇ ತೊಟ್ಟು ರುಚಿಯುಳ್ಳ ಚಿಟ್ಟೆಗಳು ಜೀವ ಉಳಿಸಿಕೊಳ್ಳುತ್ತವೆ ಎಂಬ ಅವನ ವಿವರಣೆ 1862ರಲ್ಲಿ ಅಚ್ಚಾಯಿತು. ಇದನ್ನು ನೋಡಲು ಅಮೆಜಾನಿಗೇ ಹೋಗಬೇಕಿಲ್ಲ. ನಮ್ಮ ಹಿತ್ತಿಲಿನ ನಿಂಬೆ, ಕರಿಬೇವಿನ ಗಿಡಗಳ ಸುತ್ತ ಸುಳಿಯುವ ಕಾಮನ್ ಮಾರ್ಮನ್ ಚಿಟ್ಟೆಯ ಕೆಲವು ಹೆಣ್ಣುಗಳು, ವಿಷದ ಕಾಮನ್ ರೋಸ್ ಚಿಟ್ಟೆಯ ವೇಷ ಹಾಕಿಕೊಂಡೇ ಓಡಾಡುತ್ತವೆ. ಮಕ್ಕಳು ಒಂದು ಭಾನುವಾರ ಕಾದು ನೋಡಬಹುದು.

ವಾಲೇಸನೂ ಸುಮ್ಮನೆ ಕೂರಲಿಲ್ಲ. 1854ರಲ್ಲಿ ಮಲಯ ದ್ವೀಪಗಳಿಗೆ ಹೊರಟು, ಅಲ್ಲಿಂದ 1858ರಲ್ಲಿ ಡಾರ್ವಿನ್ನನಿಗೆ ಬರೆದು ಕಳಿಸಿದ ಲೇಖನದಿಂದ ನಿಸರ್ಗದ ಆಯ್ಕೆಯ ಸಿದ್ಧಾಂತದಲ್ಲಿ ಪಾಲುದಾರನಾದ. ಆದರೆ ಸಂಬಳದ ಕೆಲಸ ಸಿಗಲಿಲ್ಲ. 1864ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಸಹಾಯಕ ಕಾರ್ಯದರ್ಶಿ ಹುದ್ದೆ ತೆರವಾದಾಗ ಹಳೆಯ ಜೊತೆಗಾರರಿಬ್ಬರೂ ಅರ್ಜಿ ಹಾಕಿದರು. ಕೆಲಸ ಸಿಕ್ಕಿದ್ದು ಬೇಟ್ಸನಿಗೆ. ಗೆಳೆತನ ಅದರಿಂದ ಮುರಿಯಲಿಲ್ಲ. 1892ರಲ್ಲಿ ಬೇಟ್ಸ್ ತೀರಿಕೊಂಡಾಗ 'ನೇಚರ್' ಪತ್ರಿಕೆಗೆ ಅವನ ಬಗ್ಗೆ ಬರೆದುಕೊಟ್ಟವನು ವಾಲೇಸ್.