ಹಳೆಯ ಅಂಬಾಸಿಡರಿಗೆ ಒಳಗಂಬಳಿ



ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರು. ಬ್ಯಾಂಕಿನ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ತಿಂಗಳಿಗೊಮ್ಮೆ ನಮ್ಮ ಮನೆಯಾಕೆಯನ್ನು ಅಲ್ಲಿಯ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಗಾಡಿ 1986ರ ಅಂಬಾಸಿಡರ್, ಮಾರ್ಕ್ ನಾಲ್ಕು. ಆಕೆಗೆ ಕಿವಿ ಮಂದ, ಯಂತ್ರ ಹಾಕಿಕೊಳ್ಳುತ್ತಾಳೆ. ಆ ಯಂತ್ರ ಮಾತಿನ ಜೊತೆಗೆ ಗಾಡಿಯ ಗದ್ದಲವನ್ನೂ ಕಿವಿಗೆ ತುಂಬುತ್ತದೆ. ಹೀಗಾಗಿ ಗಾಡಿ ಹತ್ತಿದ ಕೂಡಲೆ ಅದನ್ನು ತೆಗೆದು ಚೀಲದಲ್ಲಿಟ್ಟುಬಿಡುತ್ತಿದ್ದಳು. ಮುಂದೆ ಒಂದು ತಾಸು ನಾವಿಬ್ಬರೂ ಮೂಕರು. ಅದು ಸಾಲದೆಂಬಂತೆ ಮೇ ತಿಂಗಳಲ್ಲಿ ಕಾಲಡಿಯ ಪತ್ರಾ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. "ಅಪ್ಪಾ, ಇದನ್ನ ಗುಜರಿಗೆ ಕೊಟ್ಟುಬಿಡ್ರಿ" ಎಂದು ಮಗ ಹೇಳಿದ. ನನಗೆ ಮನಸ್ಸಾಗಲಿಲ್ಲ. ಗಾಡಿಯ ಒಳಮೈಗೆ ಕಾವು ಮತ್ತು ಸದ್ದು ತಡೆಯುವ ಹಾಸು ಹಾಕಿದೆ. ಅದು ಹೇಗೆಂಬುದನ್ನು ಈ ಹೊತ್ತು ಹೇಳುತ್ತೇನೆ.

ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿ. ಚಳಿ ದೇಶದ ಗಾಡಿಯ ಒಳಗೆ ಒಂದಿಷ್ಟು ಬಿಸಿ ಬಂದರೆ ಯಾರೂ ಬೇಡವೆನ್ನುವುದಿಲ್ಲ. ಅದೇ ಗಾಡಿ ಬಂಗಾಳದ ಉತ್ತರಪಾಡಾದಲ್ಲಿ 2014ರ ತನಕ ತಯಾರಾಗಿ ನಮ್ಮ ಬಿಸಿಲಿನಲ್ಲಿ ಓಡಿತು. ಪತ್ರಾ ದಪ್ಪ ಎಂದು ನಾವು ಹೊಗಳುತ್ತೇವೆ. ಆದರೆ ಪತ್ರಾ ಎಷ್ಟು ದಪ್ಪವಿದ್ದರೂ ಕಾವನ್ನು ತಡೆಯದು. ಇಂಜಿನ್ನಿಗೂ ನಮ್ಮ ಕಾಲಿಗೂ ನಡುವೆ ಇರುವುದು ಪತ್ರಾದ ಒಂದು ಗೋಡೆ. ಗೇರ್‌ಬಾಕ್ಸು ನಡುವಿನ ದಿಬ್ಬದ ಕೆಳಗೆ, ಸೈಲೆನ್ಸರಿನ ಕೊಳವೆ ನೆಲದ ಕೆಳಗೆ.

ಸದ್ದು ಮತ್ತು ಕಾವು ಎರಡಕ್ಕೂ ಒಂದೇ ಔಷಧ ಎಂದು ಬಹಳ ಜನ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಊಟದ ತಾಟನ್ನು ಚಮಚೆಯಿಂದ ಬಡಿದು ನೋಡಿರಿ, ಠಣ್ ಎನ್ನುತ್ತದೆ. ಬೆನ್ನಿಗೆ ಅಂಗೈ ಒತ್ತಿಕೊಂಡು ಬಡಿಯಿರಿ, ಟಪ್ ಎಂದು ಸುಮ್ಮನಾಗುತ್ತದೆ. ಗಾಡಿಯ ನೆಲ, ಬಾಗಿಲು ಎಲ್ಲವೂ ಇಂಥ ತಾಟುಗಳೇ. ಅವಕ್ಕೆ ಅಂಗೈ ಒತ್ತಿದ ಹಾಗೆ ಕೂಡುವುದು ಬ್ಯುಟೈಲ್ ರಬ್ಬರಿನ ಹಾಳೆ. ಸುಮಾರು 2 ಮಿಲಿಮೀಟರ್ ದಪ್ಪ, ಒಂದು ಬದಿಗೆ ಅಂಟು, ಇನ್ನೊಂದು ಬದಿಗೆ ಅಲ್ಯೂಮಿನಿಯಂ ಹೊದಿಕೆ. ಇದನ್ನು ಎಲ್ಲ ಕಡೆ ಹಚ್ಚಬೇಕಿಲ್ಲ. ಪ್ರತಿ ತಗಡಿನ ನಡುಭಾಗದಲ್ಲಿ ಕಾಲು ಭಾಗದಿಂದ ಮೂರನೆಯ ಒಂದು ಭಾಗ ಮುಚ್ಚಿದರೆ ಬಹುಪಾಲು ಕೆಲಸ ಆಗುತ್ತದೆ. ಉಳಿದದ್ದು ದುಡ್ಡಿಗೂ ಭಾರ, ಗಾಡಿಗೂ ಭಾರ. ಡಾಂಬರಿನ ಹಾಳೆ ಅಗ್ಗಕ್ಕೆ ಸಿಗುತ್ತದೆ, ಆದರೆ ನಮ್ಮ ಕಡೆಯ ಬಿಸಿಲಿಗೆ ಮೆತ್ತಗಾಗಿ ವಾಸನೆ ಹೊಡೆಯುತ್ತದೆ. ಛಾವಣಿಗಂತೂ ಅದು ಬೇಡವೇ ಬೇಡ.

ಕಾವಿನ ಲೆಕ್ಕ ಬೇರೆ. ಜೋಳದ ಕಣಕಿಯ ಛಪ್ಪರದ ಕೆಳಗೆ ತಂಪಿರುವುದು ಕಣಕಿಯ ನಡುವೆ ಸಿಕ್ಕಿಬಿದ್ದ ಗಾಳಿಯಿಂದ. ಗಾಡಿಯಲ್ಲಿ ಆ ಕೆಲಸ ಮಾಡುವುದು ಮುಚ್ಚಿದ ರಂಧ್ರಗಳ ಫೋಮು, 6ರಿಂದ 10 ಮಿಲಿಮೀಟರ್ ದಪ್ಪದ್ದು. ಇದನ್ನು ಮಾತ್ರ ಸಂದಿ ಬಿಡದೆ ಪೂರ್ತಿ ಹಾಸಬೇಕು. ಹೊಳೆಯುವ ಹಾಳೆ ಕಾವನ್ನು ಹಿಂದಕ್ಕೆ ಕಳಿಸುತ್ತದೆ ಎನ್ನುವುದು ನಿಜ. ಆದರೆ ಅದರ ಎದುರಿಗೆ ಸ್ವಲ್ಪ ಗಾಳಿಯ ಜಾಗ ಇರಬೇಕು. ಅದರ ಮೇಲೆ ಚಾಪೆ ಒತ್ತಿ ಹಾಸಿದರೆ ಹೊಳಪಿನ ಗುಣ ಹೋಯಿತು.

ಇನ್ನು ನನ್ನ ಮೂರ್ಖತನ ಹೇಳುತ್ತೇನೆ. 2003ರಲ್ಲಿ ಒಬ್ಬ ಮಿಸ್ತ್ರಿಯ ಮಾತು ಕೇಳಿ ನೆಲಕ್ಕೆ ಗೋಣಿತಟ್ಟು ಹಾಸಿ, ಮೇಲೆ ರೆಕ್ಸಿನ್ ಹೊಲಿಸಿದ್ದೆ. ನಾಲ್ಕು ದಿನ ಸುಖವೆನಿಸಿತು. ಮುಂದಿನ ಗಾಜಿನ ರಬ್ಬರು ಸೋರುತ್ತಿದ್ದುದನ್ನು ನಾನೂ ನೋಡಲಿಲ್ಲ, ಅವನೂ ನೋಡಲಿಲ್ಲ. ಮಳೆಯ ನೀರು ಗೋಣಿಗೆ ಇಳಿಯಿತು. ಮೇಲೆ ರೆಕ್ಸಿನ್ ಇದ್ದುದರಿಂದ ಆರಲಿಲ್ಲ. ಎರಡು ಮಳೆಗಾಲ ಕಳೆದು ಒಂದು ದಿನ ಮನೆಯಾಕೆ ಗಾಡಿ ಹತ್ತುವಾಗ ಕಾಲು ನೆಲದೊಳಗೆ ಇಳಿಯಿತು. ಪುಣ್ಯಕ್ಕೆ ಗಾಡಿ ನಿಂತಿತ್ತು, ಬರೀ ತರಚಿತು. ಪತ್ರಾ ಹಪ್ಪಳವಾಗಿತ್ತು. ತಿಂಗಳ ಪಗಾರದಲ್ಲಿ ಅರ್ಧ ವೆಲ್ಡಿಂಗಿಗೆ ಹೋಯಿತು.

ಅದಕ್ಕೇ ಈ ಸಲ ಮೊದಲು ನೀರಿನ ಪರೀಕ್ಷೆ ಮಾಡಿದೆ. ಸೀಟು ಕಳಚಿ, ನೆಲ ಬರಿದು ಮಾಡಿ, ಹೊರಗಿನಿಂದ ಗಾಜಿನ ಮೇಲೆ, ಬಾಗಿಲುಗಳ ಮೇಲೆ ಕೊಡಪಾನದಿಂದ ನೀರು ಹೊಯ್ಯಿಸಿ ಒಳಗೆ ಬ್ಯಾಟರಿ ಹಿಡಿದು ಕುಳಿತೆ. ಎರಡು ಕಡೆ ಸೋರಿತು. ರಬ್ಬರು ಬದಲಿಸಿದ ಮೇಲೆಯೇ ಮುಂದಿನ ಕೆಲಸ. ಜಂಗು ಹಿಡಿದಲ್ಲಿ ತಂತಿ ಬ್ರಶ್ಶಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಕೊಟ್ಟು ಮೂರು ದಿನ ಬಿಸಿಲಿಗೆ ಬಿಟ್ಟೆ. ಸೈಲೆನ್ಸರಿನ ಜೋಡಣೆಯಲ್ಲಿ ಹೊಗೆ ಸೋರುತ್ತಿದ್ದರೆ ಅದನ್ನೂ ಮೊದಲೇ ಸರಿಪಡಿಸಿಕೊಳ್ಳಿರಿ. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಇಂಜಿನ್ ಗೋಡೆಯಲ್ಲಿ ತಂತಿ, ಕೇಬಲ್ಲು ಹಾಯುವ ತೂತುಗಳಿಗೆ ರಬ್ಬರ್ ಬಳೆ ಹಾಕಿದೆ. ನಂಬಿರಿ, ಅರ್ಧ ಗದ್ದಲ ಬರುತ್ತಿದ್ದುದು ಅಲ್ಲಿಂದಲೇ ಎಂದು ನನಗನ್ನಿಸಿತು. ಆಮೇಲೆ ಬ್ಯುಟೈಲ್ ಹಾಳೆ. ಅಂಗಡಿಯ ರೋಲರ್ ಬದಲು ಅಡುಗೆಮನೆಯ ಲಟ್ಟಣಿಗೆಯಿಂದ ಒತ್ತಿದೆ, ಅದು ವಾಪಸು ಅಡುಗೆಮನೆಗೆ ಹೋಗಲಿಲ್ಲ. ಹಾಳೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೈಚೀಲ ಹಾಕಿಕೊಳ್ಳಿರಿ. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳನ್ನು ಮುಚ್ಚಬೇಡಿರಿ. ಫೋಮಿನ ಒಂದು ಚೂರನ್ನು ಅಂಗಳದಲ್ಲಿ ಕಡ್ಡಿ ಗೀರಿ ಸುಟ್ಟು ನೋಡಿಯೇ ಕೊಳ್ಳಿರಿ. ಭಗ್ಗನೆ ಹತ್ತಿಕೊಂಡರೆ ಬೇಡ. ಥರ್ಮಾಕೋಲಿನ ಹೆಸರನ್ನೇ ಎತ್ತಬೇಡಿರಿ.

ಎಲ್ಲ ಸೇರಿ ಎಂಟು ದಿನ ಹಿಡಿಯಿತು. ಗಾಡಿ ಹೊಸ ಗಾಡಿಯಾಗಲಿಲ್ಲ. ಗಾಜಿನಿಂದ ಬರುವ ಬಿಸಿಲಿಗೆ ಈ ಹಾಸು ಏನೂ ಮಾಡದು. ಬೇವಿನ ನೆರಳೇ ಗತಿ. ಛಾವಣಿಯ ಕೆಲಸವೂ ಬಾಕಿ ಇದೆ. ಒಳಗಿನ ಬಟ್ಟೆ ಬಿಚ್ಚಿದರೆ ಮತ್ತೆ ಬಿಗಿಯಾಗಿ ಕಟ್ಟಬಲ್ಲ ಕಸಬುದಾರ ಸಿಗಬೇಕು. ಗಾಡಿ ಬಿಳಿ ಇರುವುದರಿಂದ ಸದ್ಯಕ್ಕೆ ನಡೆಯುತ್ತದೆ.

ಹೋದ ತಿಂಗಳು ಸೊಲ್ಲಾಪುರಕ್ಕೆ ಹೊರಟಾಗ ಆಕೆ ಯಂತ್ರ ತೆಗೆಯಲಿಲ್ಲ. ವಳಸಂಗ ದಾಟಿದ ಮೇಲೆ, "ಹಿಂದಿನ ಎಡ ಬಾಗಿಲು ಕಿರ್ ಅಂತದ, ಕೇಳಸ್ತದೇನ್ರಿ?" ಎಂದಳು. ನನಗೆ ಕೇಳಿಸಲಿಲ್ಲ.