ಮೊದಲ ದಿನ ಬರೀ ರಾಡು

ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಒಂದು ಬಾಕ್ಸ್ ಅಂದರೆ ಸುಮಾರು 15 ಕಿಲೋ. ಬೆಳಗಿನಿಂದ ಅಂಥ ಬಾಕ್ಸುಗಳನ್ನು ಲಾರಿಗೆ ಏರಿಸಿದ ಹುಡುಗ ಸಂಜೆ ಜಿಮ್ಮಿನ ಬಾಗಿಲಲ್ಲಿ ಒಳಗೆ ಹೋಗಲೋ ಬೇಡವೋ ಎಂದು ನಿಂತಿದ್ದಾನೆ. ಭಾರಕ್ಕೆ ಹೆದರುವ ಆಸಾಮಿಯಲ್ಲ ಅವನು. ಆದರೆ ಒಳಗೆ ಗೋಡೆ ತುಂಬ ಕನ್ನಡಿ, ಕಿವಿಗಡಚಿಕ್ಕುವ ತೆಲುಗು ಹಾಡು, ತೋಳಿಲ್ಲದ ಬನಿಯನ್ನಿನಲ್ಲಿ ಉಬ್ಬಿದ ಭುಜಗಳು, ಬೆಂಚ್ ಪ್ರೆಸ್, ಲ್ಯಾಟ್ ಪುಲ್‌ಡೌನ್ ಎಂಬ ಹೆಸರುಗಳು. ತನ್ನ ಮಾಸಿದ ಪ್ಯಾಂಟು ಎಲ್ಲರ ಕಣ್ಣಿಗೂ ಬಿದ್ದಿದೆ ಎಂಬುದೇ ಅವನ ಚಿಂತೆ.

'ಬಾರಪ್ಪ, ಊಟ ಎಷ್ಟೊತ್ತಿಗೆ ಆಯ್ತು?' ಎನ್ನುತ್ತಾ ಕೋಚ್ ಎದ್ದು ಬಂದರು. ಫೀಸಿನ ಮಾತಿಲ್ಲ, ತೂಕದ ಮಾತಿಲ್ಲ. ಪ್ಲೇಟು ಹಾಕದ ಬರೀ ರಾಡನ್ನು ಅವನ ಅಂಗೈಗಿಟ್ಟು, ಮೊಣಕೈಗೆ ಎರಡು ಬೆರಳು ತಾಗಿಸಿ, 'ಇವತ್ತು ಇದು ಎಲ್ಲಿವರೆಗೂ ಬರುತ್ತೆ ನೋಡ್ಕೋ, ಸಾಕು' ಎಂದರು. ಒಕಟಿ, ರೆಂಡು, ಮೂರು ಎಂದು ಎಣಿಕೆ ಎರಡೂ ಭಾಷೆಯಲ್ಲಿ ನಡೆಯಿತು. ರಾಡು ಎಡಕ್ಕೆ ವಾಲುತ್ತಿತ್ತು. ಸದಾ ಬಲಭುಜದ ಮೇಲೆ ಹೊತ್ತು ಅಭ್ಯಾಸವಾದ ಮೈ ಅದು. ಕೋಚ್‌ಗೆ ಅದು ತಕ್ಷಣ ಗೊತ್ತಾಯಿತು. 'ಎಡಗೈ ಸ್ವಲ್ಪ ಸೋಮಾರಿ, ಹದಿನೈದು ದಿನದಲ್ಲಿ ದಾರಿಗೆ ಬರುತ್ತೆ.' ಪಕ್ಕದಲ್ಲಿದ್ದ ದೊಡ್ಡ ಮೈಯವನೊಬ್ಬ ತನ್ನ ಬೆಂಚು ಬಿಟ್ಟುಕೊಟ್ಟು, 'ನಿಂದೊಂದು ಸೆಟ್, ನಂದೊಂದು ಸೆಟ್' ಎಂದ. ಹುಡುಗ ನಾಳೆಯೂ ಬರುತ್ತಾನೆಂಬುದು ನನಗೆ ಆ ಗಳಿಗೆಯಲ್ಲೇ ಖಾತ್ರಿಯಾಯಿತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಭಯ ಬಹುಪಾಲು ಹುಸಿ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರಿಸುವ ಟೀ ಶರ್ಟ್ ತೊಡಿಸಿ ಕೋಣೆಯೊಂದಕ್ಕೆ ಕಳಿಸಿದ್ದರು. ಕೋಣೆಯಲ್ಲಿದ್ದವರ ಪೈಕಿ ಅರ್ಧದಷ್ಟು ಮಂದಿ ಗಮನಿಸಿರುತ್ತಾರೆ ಎಂದು ತೊಟ್ಟವರು ಅಂದುಕೊಂಡರು; ನಿಜಕ್ಕೂ ಗಮನಿಸಿದವರು ಕಾಲು ಭಾಗದಷ್ಟು. ಆದರೆ ಇದನ್ನು ಹೇಳಿಬಿಟ್ಟರೆ ಹೊಸಬರ ಅಳುಕು ಹೋಗುವುದಿಲ್ಲ. ಯಾರಾದರೂ ಹತ್ತಿರ ಬಂದು ಮಾತಾಡಿಸಬೇಕು.

ನಮ್ಮ ಗರಡಿಮನೆಗಳಿಗೆ ಈ ಮರ್ಮ ಗೊತ್ತಿತ್ತು. ಹೊಸಬ ಹನುಮಂತನಿಗೆ ಕಾಯಿ ಒಡೆಸಿ, ಉಸ್ತಾದರ ಕಾಲುಮುಟ್ಟಿ ಒಳಗೆ ಬರುತ್ತಿದ್ದ. ಎಣ್ಣೆ, ಅರಿಶಿನ ಬೆರೆಸಿದ ಕೆಮ್ಮಣ್ಣನ್ನು ಹಿರಿಯರ ಜೊತೆ ತಾನೂ ಗುದ್ದಲಿಯಿಂದ ಹದ ಮಾಡುತ್ತಿದ್ದ. ಎಲ್ಲರ ಮೈಮೇಲೂ ಅದೇ ಲಂಗೋಟಿ, ಅದೇ ಮಣ್ಣು. ದಂಡ, ಬಸ್ಕಿ ಕೈವಶವಾದ ಮೇಲಷ್ಟೇ ಪಟ್ಟಿನ ಪಾಠ. ಶಿಸ್ತು ಬಿಗಿಯಾಗಿತ್ತು, ಆದರೆ ಮೂಲೆಯಲ್ಲಿ ಒಂಟಿಯಾಗಿ ನಿಲ್ಲುವ ಪಾಡು ಯಾರಿಗೂ ಇರಲಿಲ್ಲ.

ಗರಡಿಗೆ ಹೆಣ್ಣುಮಕ್ಕಳ ಪ್ರವೇಶ ಇರಲಿಲ್ಲ. ಆ ಕೊರತೆಯನ್ನು ಇಂದಿನ ಜಿಮ್ ತುಂಬಿಕೊಡಬೇಕು. ಶಿಡ್ಲಘಟ್ಟದಲ್ಲಿ ಮನೆಗೆಲಸ ಮುಗಿಸಿ ಮಹಿಳೆಯರ ಬ್ಯಾಚಿಗೆ ಬಂದವರೊಬ್ಬರು ರೇಷ್ಮೆ ನೂಲು ಬಿಚ್ಚುವವರು. ದಿನವಿಡೀ ಬಿಸಿನೀರಲ್ಲಿ ಗೂಡು ಹುಡುಕಿ ಬೆರಳ ತುದಿ ಬಿಳಿಚಿ ಸುಲಿದಿದೆ. ಡಂಬೆಲ್ಲಿನ ತರಿತರಿ ಹಿಡಿ ಚುಚ್ಚಿ ಕೈ ಹಿಂದೆಗೆದರು. ಹೇಳಿಕೊಡುವಾಕೆ ಕಾರಣ ಕೇಳಲಿಲ್ಲ. ಹತ್ತಿ ಬಟ್ಟೆಯೊಂದನ್ನು ಹಿಡಿಗೆ ಸುತ್ತಿಕೊಟ್ಟರು. ಚೂಡಿದಾರವೋ ಬುರ್ಖಾವೋ, ಯಾರ ಉಡುಪಿನ ಬಗ್ಗೆಯೂ ಅಲ್ಲಿ ಚಕಾರವಿಲ್ಲ.

ಚಿಕ್ಕಬಳ್ಳಾಪುರದ ಕ್ರೀಡಾಂಗಣದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ 1600 ಮೀಟರ್ ಓಟಕ್ಕೆ ತಯಾರಾಗುವವರು, ಏದುಸಿರು ಬಿಡುತ್ತಾ ಹಿಂದುಳಿದವನಿಗಾಗಿ ಕೊನೆಯ ಸುತ್ತಿನಲ್ಲಿ ವೇಗ ತಗ್ಗಿಸುತ್ತಾರೆ. ಗೌರಿಬಿದನೂರಿನಲ್ಲಿ ಬೆಂಗಳೂರಿನ ರೈಲಿಳಿದು ದಣಿದು ಬರುವವರಿಗೆ ರಾತ್ರಿಯೂ ಜಿಮ್ಮಿನ ಬಾಗಿಲು ತೆರೆದಿಡುವುದೇ ದೊಡ್ಡ ಸ್ವಾಗತ.

ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರೆಲ್ಲರಿಗೂ ಹೇಳುತ್ತದೆ. ಅರವತ್ತು ದಾಟಿದ ಅಜ್ಜಿಗೂ ಅನ್ವಯಿಸುವ ಮಾತಿದು. ಹಾಗಾಗಿ ಜಿಮ್ ನಡೆಸುವವರಲ್ಲಿ ನನ್ನದೊಂದು ಬೇಡಿಕೆ: ಪ್ರತಿ ಯಂತ್ರದ ಮೇಲೂ ಕನ್ನಡದಲ್ಲಿ ಎರಡು ಸಾಲು ಬರೆದು ಅಂಟಿಸಿ, ಹೊಸಬರಿಗೆ ಮೊದಲ ವಾರ ಹಳಬರೊಬ್ಬರನ್ನು ಜೊತೆ ಮಾಡಿ. ಹಳಬರೇ, ನಿಮ್ಮ ಸೆಟ್ ಮುಗಿದ ಮೇಲೆ ಅವರ ಹೆಸರು ಕೇಳಿ. ಮೊದಲ ದಿನ ನಿಮಗೆ ರಾಡು ಹಿಡಿಯುವುದನ್ನು ತೋರಿಸಿಕೊಟ್ಟವರೂ ಒಬ್ಬರಿದ್ದರು.